ದಡಿ ಮಾಸ್ತರರಿಗೆ ಬಂದ ಬಿಲ್

ಕಳ್ಳನಿಗೆ ಬಾಗಿಲು ತೆಗೆದವರು ಮಾಸ್ತರರೇ. ಆದರೆ ಅವರನ್ನು ಮುಳುಗಿಸಿದ್ದು ಅದಲ್ಲ, ಇದ್ದದ್ದನ್ನೆಲ್ಲ ಒಂದೇ ಕೋಣೆಯಲ್ಲಿ ಇಟ್ಟದ್ದು. ಓಣಿಯವರು ನಸೀಬ ಅಂದರು. ನಾನು ಅನ್ನುವುದಿಲ್ಲ.

ಅವರ ಬಲಗೈ ಹೆಬ್ಬೆರಳು ಚಪ್ಪಟೆಯಾಗಿತ್ತು, ಉಗುರಿರಲಿಲ್ಲ. ಬೆಟಗೇರಿಯ ನಮ್ಮ ಓಣಿಯಲ್ಲಿ ಸೀರೆಯ ದಡಿಗೆ, ಅಂದರೆ ಅಂಚಿಗೆ, ನಕ್ಷೆ ಮಾಡುತ್ತಿದ್ದವರು ಅವರು. ರಟ್ಟಿಗೆ ತೂತು ಹೊಡೆದು, ರಟ್ಟುಗಳನ್ನು ಸರದಂತೆ ಹೊಲಿದು ಮಗ್ಗಕ್ಕೆ ಏರಿಸಿದರೆ ದಡಿಯಲ್ಲಿ ನವಿಲು ಏಳುತ್ತಿತ್ತು. ಹೊಡೆದು ಹೊಡೆದು ಬೆರಳು ಹಾಗಾಗಿತ್ತು. ನಾನು ಪಕ್ಕದ ಮನೆಯವಳು, ಅವರ ಮಗ್ಗಗಳಿಗೆ ನೂಲು ಸುತ್ತಿದವಳು. ಹೆಬ್ಬೆಟ್ಟು ಒತ್ತುತ್ತಿದ್ದ ನನಗೆ ಹೆಸರು ಬರೆಯಲು ಕಲಿಸಿದ್ದೂ ಅವರೇ. “ಅಕ್ಷರಾನೂ ಒಂದ ದಡೀನ ಅಕ್ಕಾರ, ಹೆದರಬ್ಯಾಡ್ರಿ” ಅನ್ನುತ್ತಿದ್ದರು.

ಮುಂದೆ ಕಂಪ್ಯೂಟರ್ ಬಂತು. ನಕ್ಷೆಗಳೆಲ್ಲ ಅದರೊಳಗೆ ಹೋದವು, ರಟ್ಟಿನ ಸರಗಳು ಒಲೆಗೆ ಹೋದವು. ಒಂದು ಸರವನ್ನು ನಾನು ತಂದು ಆಡಿನ ಕೊಟ್ಟಿಗೆಗೆ ಪರದೆಯಂತೆ ಕಟ್ಟಿದೆ.

“ಆಡಿಗೆ ನವಿಲು ದಡಿ ಏನ್ರಿ ಅಕ್ಕಾರ! ಒಂದ ಕುಬಸಾನೂ ಹೊಲಿಸಿಬಿಡ್ರಿ.”

“ನಿಮ್ಮ ಗಿರಾಕಿಗಿಂತ ನನ್ನ ಆಡು ಛಲೋ. ಬಣ್ಣ ಹೋತು ಅಂತ ವಾಪಸ್ ತರಂಗಿಲ್ಲ.”

ನಕ್ಷೆಗಳ ನಕಲು ಇಡಲು ಅವರು ಒಂದು ಸಣ್ಣ ಡಿಸ್ಕ್ ಕೊಂಡಿದ್ದರು. ಅದರ ವೈರು ಯಾವಾಗಲೂ ಕಂಪ್ಯೂಟರಿಗೇ ಚುಚ್ಚಿರುತ್ತಿತ್ತು. ಯಾಕೆ ಅಂತ ಕೇಳಿದ್ದೆ. “ಕೂಸು ತಾಯಿ ಮಗ್ಗಲಾಗ ಇರ್ಲಿ ಬಿಡ್ರಿ” ಅಂದು ನಕ್ಕಿದ್ದರು.

ಒಂದು ಮಧ್ಯಾಹ್ನ ಮೇಲ್ ಬಂತು, ನೂಲಿನ ಬಿಲ್ ಅಂತ. ಅವರು ಬಿಲ್ಲಿನ ದಾರಿಯನ್ನೇ ಕಾಯುತ್ತಿದ್ದರು, ತೆರೆದರು. ಏನೂ ಕಾಣಲಿಲ್ಲ. “ಖಾಲಿ ಐತಿ, ಸುಡ್ಲಿ” ಅಂದು ಚಹಾಕ್ಕೆ ಎದ್ದರು. ಮಗ್ಗಗಳು ಬಡಿಯುತ್ತಲೇ ಇದ್ದವು. ಆ ಬಿಲ್ಲಿನ ಜೊತೆ ಕಳ್ಳ ಒಳಗೆ ಬಂದು ಸುಮ್ಮನೆ ಕೂತಿದ್ದ, ನಾವು ಅವನ ಮುಂದೆ ಚಹಾ ಕುಡಿದೆವು.

ಕೆಲವು ದಿನಗಳ ಮೇಲೆ ಒಂದು ಮುಂಜಾನೆ ಮಗ್ಗದ ಸದ್ದೇ ಇಲ್ಲ. ಹೋದೆ. ಕಂಪ್ಯೂಟರಿನ ಪರದೆ ಪೂರ್ತಿ ಕೆಂಪು. ನಕ್ಷೆಗಳಿಗೆಲ್ಲ ಬೀಗ ಹಾಕಿದ್ದೇವೆ, ಕೀಲಿ ಬೇಕಾದರೆ ದುಡ್ಡು ಕಟ್ಟು ಅಂತ ಬರೆದಿತ್ತಂತೆ. ಕೆಳಗೆ ಗಡಿಯಾರ ಹಿಂದಕ್ಕೆ ಓಡುತ್ತಿತ್ತು. ಡಿಸ್ಕಿಗೂ ಬೀಗ ಬಿದ್ದಿತ್ತು. ತಾಯಿಯ ಜೊತೆ ಕೂಸೂ ಹೋಗಿತ್ತು. ಗದಗದಿಂದ ಬಂದ ರಿಪೇರಿಯವನು ನೆಟ್ಟಿನ ವೈರು ಕಿತ್ತು ತಲೆ ಅಲ್ಲಾಡಿಸಿದ. ಪೊಲೀಸರಿಗೆ ದೂರು ಕೊಟ್ಟದ್ದಾಯಿತು.

“ಕೊಟ್ಟುಬಿಡೂಣು ಅಬ್ಬಾ” ಅಂತ ಮಾಸ್ತರರ ಮಗಳು ಅತ್ತಳು.

“ಕೊಟ್ಟ ಮ್ಯಾಲೆ ಕೀಲಿ ಕೊಡ್ತಾನ ಅನ್ನಾಕ ಜಾಮೀನು ಯಾರು, ಬೇಟಿ? ಮಾರಿ ತೋರಿಸದಾಂವ. ಕೊಟ್ರ ಮತ್ತ ಬರ್ತಾನ.”

ನಾನು ಮನೆಗೆ ಬಂದು ಕೊಟ್ಟಿಗೆಯ ಸರ ಬಿಚ್ಚಿ ಒಯ್ದೆ. ಕೆಳಗಿನ ಅರ್ಧ ಆಡು ತಿಂದಿತ್ತು. ನವಿಲಿಗೆ ಕತ್ತಿತ್ತು, ಕಾಲಿರಲಿಲ್ಲ. ಮಾಸ್ತರರು ಹೆಬ್ಬೆರಳನ್ನು ತೂತುಗಳ ಮೇಲೆ ಆಡಿಸಿದರು. “ಕಾಲು ನಾ ಬರೀತೀನಿ ತಗೋರಿ” ಅಂದರು.

ಮಂಜುಗಣ್ಣಿನಲ್ಲಿ ಅದೊಂದನ್ನು ಮುಗಿಸಿ ಹೊಸ ಕಂಪ್ಯೂಟರಿಗೆ ಏರಿಸಿದರು. ಹೊಸ ಡಿಸ್ಕಿಗೆ ನಕಲು ತೆಗೆದು, ವೈರು ಕಿತ್ತು ನನ್ನ ಕೈಗೆ ಕೊಟ್ಟರು.

“ಇದು ನಿಮ್ಮ ಮನ್ಯಾಗ ಇರ್ಲಿ ಅಕ್ಕಾರ. ನನ್ನ ಮನಿ ನಂಬಬ್ಯಾಡ್ರಿ.”

ಮತ್ತೊಂದು ನಕ್ಷೆಗೆ ಅವರು ಕೈ ಹಾಕಲಿಲ್ಲ. ಆ ಚಳಿಗಾಲದಲ್ಲೇ ಹೋದರು.

ದಫನ್ ಆದ ಮರುದಿನ ಮುಂಜಾನೆ ನಾನು ಅಲ್ಲೇ ಕೂತಿದ್ದೆ. ವ್ಯಾಪಾರಿಗಳಿಗೆ ಖಬರ ಕಳಿಸಲು ಮಗಳು ಕಂಪ್ಯೂಟರ್ ತೆರೆದಳು. ಒಂದು ಮೇಲ್ ಬಂದು ಕೂತಿತ್ತು. ನೂಲಿನ ಬಿಲ್. ಅವಳ ಕೈ ಮೌಸಿಗೆ ಹೋಯಿತು. ಮುಂಗೈ ಹಿಡಿದೆ.

“ತಡೀ. ಮೊದ್ಲ ಫೋನ್ ಹಚ್ಚು.”

ನೂಲಿನ ವ್ಯಾಪಾರಿಯ ಮಾತು ನನಗೂ ಕೇಳಿಸಿತು: “ನಾ ಏನೂ ಕಳಿಸಿಲ್ಲವ್ವಾ. ನಿನ್ನೆ ದಿನಾಪೂರ್ತಿ ನಿಮ್ಮ ಅಬ್ಬಾನ ಮಣ್ಣಿನಾಗ ಇದ್ದೆ.”

ನಾನು ಅವಳ ಕೈ ಬಿಡಲಿಲ್ಲ, ನೆಟ್ಟಿನ ವೈರು ಕೀಳಿಸಿದೆ. ಆಮೇಲೆ ಮನೆಗೆ ಬಂದು ಜೋಳದ ಡಬ್ಬಿಯೊಳಗೆ ಮೊಳಕೈತನಕ ಕೈ ಹಾಕಿ ನೋಡಿದೆ. ಡಿಸ್ಕ್ ಇತ್ತು. ಮತ್ತಷ್ಟು ಜೋಳ ಸುರಿದು ಮುಚ್ಚಳ ಹಾಕಿದೆ.