ಬರ್ತೇನಿ

ನಿಂಬರ್ಗಾದ ದಿಲೀಪನಿಗೆ ಕಂಪ್ಯೂಟರಿನ ಯುದ್ಧದಾಟವನ್ನು ಇದ್ದ ಹಾಗೆ ಆಡಿ ಗೊತ್ತಿಲ್ಲ. ಅದರ ಹೊಸ ಭಾಗ ಬಂದಾಗಲೆಲ್ಲ ತಿದ್ದಲು ಕೂತುಬಿಡುತ್ತಾನೆ. ಅವನ ಕೈಗೆ ಸಿಕ್ಕರೆ ರೋಮ್ ನಗರ ಅವನೂರಿನ ಒಂದೊಂದು ಮನೆಯ ಸಮೇತ ನಿಂಬರ್ಗಾ ಆಗುತ್ತದೆ, ಆನೆಗಳ ಬದಲು ಎಮ್ಮೆಗಳು ಯುದ್ಧಕ್ಕೆ ಹೊರಡುತ್ತವೆ. ಸಾಯುವ ಸೈನಿಕನ ಬಾಯಿಗೆ ‘ಹೋಗ್ತೇನಿ’ ಎಂದು ಹಾಕಹೊರಟಾಗ ತಾಯಿ ರುಕ್ಮಿಣಿಬಾಯಿ ಗದರಿದ್ದಳು: “ಹಂಗ ಅನಬಾರದಲೇ, ಬರ್ತೇನಿ ಅನಬೇಕು!” ದಿಲೀಪ ಕಾಕಾ ಹುಲೆಪ್ಪನಿಂದ ‘ಬರ್ತೇನಿ’ ಎಂಬ ಅದೊಂದೇ ಮಾತು ಹೇಳಿಸಿ, ರೆಕಾರ್ಡ್ ಮಾಡಿ ಸೈನಿಕರ ಬಾಯಿಗೆ ಹಾಕಿದ. ಯುಗಾದಿಗೆ ಹುಲೆಪ್ಪ ತೀರಿಕೊಂಡ. ಅಂದಿನಿಂದ ಆಟದಲ್ಲಿ ‘ಬರ್ತೇನಿ’ ಎಂದು ಸತ್ತ ಸೈನಿಕನೊಬ್ಬ ಊರ ಅಗಸಿ ಬಾಗಿಲಲ್ಲಿ ಮತ್ತೆ ಎದ್ದು ನಿಲ್ಲುತ್ತಾನೆ, ದಿನಕ್ಕೊಂದು ಮನೆ ದಾಟುತ್ತಾನೆ. “ಇದು ನಾ ಮಾಡಿದ್ದಲ್ಲ ಯವ್ವಾ,” ಎನ್ನುತ್ತಾನೆ ದಿಲೀಪ. ಇವತ್ತು ಸೈನಿಕ ಆಟದೊಳಗಿನ ದಿಲೀಪನ ಮನೆಯ ಬಾಗಿಲಿಗೇ ಬಂದು, ಹುಲೆಪ್ಪನ ದನಿಯಲ್ಲಿ ‘ಬಂದೇನಿ’ ಎಂದ. ಆ ಮಾತನ್ನು ದಿಲೀಪ ರೆಕಾರ್ಡ್ ಮಾಡಿಯೇ ಇರಲಿಲ್ಲ.