ಸೂಪರ್‌ಹೀರೋನ ಆರನೇ ಸೂಟು

ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಮದುವೆ ಬ್ಯಾಂಡಿನವರಿಗೆ ಕೆಂಪು ಕೋಟು ಹೊಲಿಯುತ್ತ ಅರ್ಧ ಆಯಸ್ಸು ಕಳೆದ ಜಿಯಾವುಲ್ಲಾ ಅವರಿಗೆ ಸಿನಿಮಾದ ಹುಚ್ಚೇನೂ ಇರಲಿಲ್ಲ. ಅವರನ್ನು ಆ ಕಡೆ ಎಳೆದು ತಂದವನು ಹಲಸೂರಿನ ದೀಪು. ಹೀರೋಗಳ ಬದಲಿಗೆ ಬೀಳುವುದು ಅವನ ಕಸುಬು. ಮಹಡಿಯಿಂದ, ಲಾರಿಯಿಂದ, ಉರಿಯುವ ಗುಡಿಸಲಿನಿಂದ ಅವನು ಬೀಳುತ್ತಿದ್ದ, ಶಿಳ್ಳೆ ಇನ್ನೊಬ್ಬನಿಗೆ ಸಿಗುತ್ತಿತ್ತು. ಅಂಥವನ ಬಟ್ಟೆಯೊಳಗೆ ಹಗ್ಗ ಸಿಕ್ಕಿಸುವ ಬೆಲ್ಟು ಇರುತ್ತದೆ. ಕೊಕ್ಕೆ ಹೊರಬರಲು ಬೆನ್ನಿಗೊಂದು, ಸೊಂಟದ ಎರಡು ಪಕ್ಕಕ್ಕೂ ಒಂದೊಂದು ಸೀಳು ಬಿಡಬೇಕು. ಹೊಲಿದದ್ದನ್ನು ಜಿಯಾವುಲ್ಲಾ ಅಂಗಡಿಯಲ್ಲೇ ದೀಪುವಿಗೆ ತೊಡಿಸಿ, ಮೂರೂ ಸೀಳಿನಲ್ಲಿ ಕೈಹಾಕಿ, ಅವನು ತುದಿಗಾಲಿಗೆ ಬರುವವರೆಗೆ ಬೆಲ್ಟು ಹಿಡಿದು ಎಳೆಯುತ್ತಿದ್ದರು. ಹಾಗೆ ಎಳೆದು ನೋಡದೆ ಹನ್ನೊಂದು ವರ್ಷದಲ್ಲಿ ದೀಪುವಿನ ಒಂದು ಬಟ್ಟೆಯೂ ಅವರ ಅಂಗಡಿಯಿಂದ ಹೊರಗೆ ಹೋಗಿರಲಿಲ್ಲ.

ಇಂದಿರಾನಗರದ ಒಂದು ಸ್ಟುಡಿಯೋದವರು ಕನ್ನಡಕ್ಕೊಬ್ಬ ಸೂಪರ್‌ಹೀರೋನನ್ನು ಕೊಡುತ್ತೇವೆ ಎಂದು ಹೊರಟಾಗ ಹೀರೋನ ಬದಲಿಗೆ ಹಾರುವ ಕೆಲಸ ದೀಪುವಿಗೆ ಬಂತು, ಸೂಟು ಹೊಲಿಯುವ ಕೆಲಸ ಇವರಿಗೆ ಬಂತು. ಅಲ್ಲಿ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದ ರಶ್ಮಿ ಮೊದಲ ದಿನ ಕಥೆ ಹೇಳಿದಳು. ಹೀರೋ ಕರೆಂಟ್ ಕಂಬ ಹತ್ತುವ ಲೈನ್‌ಮನ್. ಶಾಕ್ ಹೊಡೆದು ಅವನಿಗೆ ಹಾರುವ ಶಕ್ತಿ ಬರುತ್ತದೆ, ಆದರೆ ಎತ್ತರವೆಂದರೆ ಅವನಿಗೆ ಮೊದಲಿನಿಂದಲೂ ಪ್ರಾಣಭಯ. ಕೇಳುತ್ತ ಕೇಳುತ್ತ ಜಿಯಾವುಲ್ಲಾ ಅವರ ಚಹಾ ಆರಿಹೋಯಿತು. ಖುಷಿಯಿಂದ ಹೊಲಿದ ಆ ಮೊದಲ ಸೂಟಿನ ಮಂಡಿಗೆ ತೇಪೆಯಿತ್ತು, ತೋಳಿನಲ್ಲಿ ಸುಟ್ಟ ಕಲೆಯಿತ್ತು.

ಆಮೇಲೆ ಮೀಟಿಂಗುಗಳು ಶುರುವಾದವು. ಇನ್ನೂ ತೆಗೆಯದ ಸಿನಿಮಾದ ಬಗ್ಗೆ ಐವತ್ತು ಜನರನ್ನು ಕೂರಿಸಿ ಅಭಿಪ್ರಾಯ ಕೇಳಿದರು. ತೇಪೆ ನೋಡಿದರೆ ಬಡತನ ನೆನಪಾಗುತ್ತದೆ ಎಂದು ಯಾರೋ ಅಂದರು, ತೇಪೆ ಹೋಯಿತು. ಮೂರನೇ ಸೂಟಿಗೆ ಬೆನ್ನ ಹಿಂದೆ ಬಟ್ಟೆ ಹಾರಾಡಬೇಕಿತ್ತು, ನಾಲ್ಕನೆಯದಕ್ಕೆ ಬೇಡವಾಯಿತು. ಐದನೆಯದರ ಬಣ್ಣ ಮುಂದಿನ ಸಿನಿಮಾಗಳಲ್ಲಿ ಬರಲಿರುವ ಇನ್ನೂ ಮೂವರು ಹೀರೋಗಳಿಗೆ ಹೊಂದಬೇಕಂತೆ. ಒಬ್ಬನ ಕಥೆಯೇ ನೆಟ್ಟಗಿರಲಿಲ್ಲ, ಆಗಲೇ ನಾಲ್ವರ ಸಂಸಾರ ಹೂಡಿದ್ದರು. ಎತ್ತರದ ಭಯವನ್ನೂ ಕಿತ್ತು ಹಾಕಿದರು, ಹೆದರುವವನ ಗೊಂಬೆ ಮಾರಾಟವಾಗುವುದಿಲ್ಲವೆಂದು. ಹೆದರಿಕೆಯೇ ಇಲ್ಲದವನು ಹಾರಿದರೆ ಕೆಳಗೆ ಕೂತು ನೋಡುವವರಿಗೆ ಏನಾಗಬೇಕು ಎಂದು ಜಿಯಾವುಲ್ಲಾ ತಮ್ಮಷ್ಟಕ್ಕೆ ಗೊಣಗಿಕೊಂಡರು. ಟೈಲರನ ಅಭಿಪ್ರಾಯ ಆ ಐವತ್ತರಲ್ಲಿ ಸೇರಿರಲಿಲ್ಲ.

ಆರನೇ ಸೂಟಿಗೆ ರಶ್ಮಿಯೇ ಅಂಗಡಿಗೆ ಬಂದಳು. ಹಗ್ಗವನ್ನು ಕಂಪ್ಯೂಟರಿನಲ್ಲಿ ಅಳಿಸುತ್ತೇವೆ, ಸೊಂಟದ ಸೀಳಿನ ಸುತ್ತ ಏಳುವ ಸುಕ್ಕು ಅಳಿಸಲು ಆಗುತ್ತಿಲ್ಲ, ಆ ಎರಡನ್ನೂ ಮುಚ್ಚಿಬಿಡಿ ಎಂದಳು. ಬೆನ್ನಿನ ಒಂದೇ ಕೊಕ್ಕೆಗೆ ನೇತುಹಾಕಿದರೆ ಮನುಷ್ಯ ಬುಗುರಿಯಂತೆ ತಿರುಗುತ್ತಾನೆ ಎಂದು ಜಿಯಾವುಲ್ಲಾ ತಿಳಿಹೇಳಿದರು.

"ಅವನು ಸೂಪರ್‌ಹೀರೋ ಭಾಯ್," ಅಂದಳು ರಶ್ಮಿ. "ಅವನ ಮೈಮೇಲೆ ಒಂದು ಸುಕ್ಕೂ ಇರಬಾರದು."

ಅವಳು ಹೋದ ಮೇಲೆ ಜಿಯಾವುಲ್ಲಾ ಸೂಟನ್ನು ಮುಂದಿಟ್ಟುಕೊಂಡು ಬಹಳ ಹೊತ್ತು ಯೋಚಿಸಿದರು. ಕೊನೆಗೆ ಒಂದು ಉಪಾಯ ಮಾಡಿದರು. ಸೊಂಟದ ಸೀಳುಗಳನ್ನು ಕಚ್ಚಾ ಹೊಲಿಗೆಯಲ್ಲಿ ಮುಚ್ಚಿದರು. ಅಳತೆ ನೋಡುವಾಗ ಟೈಲರುಗಳು ಹಾಕುವ ಸಡಿಲ ದಾರ ಅದು, ತುದಿ ಹಿಡಿದು ಎಳೆದರೆ ಸರ್ರನೆ ಬಿಚ್ಚಿಕೊಳ್ಳುತ್ತದೆ. ಹೇಳಿದರೆ ಗಟ್ಟಿ ಹೊಲಿಸುತ್ತಾಳೆಂದು ರಶ್ಮಿಯಿಂದ ಮುಚ್ಚಿಟ್ಟರು. ಆದರೆ ದೀಪು ತೊಟ್ಟು ನೋಡಲು ಬರುವ ಮೊದಲೇ ಸ್ಟುಡಿಯೋದ ಕಾರು ಬಂದು ಸೂಟನ್ನು ಒಯ್ದಿತು. ಎಳೆದು ನೋಡದೆ ಹೋದ ಮೊದಲ ಬಟ್ಟೆ ಅದು. ಸಂಜೆ ಫೋನು ಮಾಡಿ, ಹಗ್ಗ ಕಟ್ಟುವಾಗ ಸೊಂಟದ ದಾರ ಎಳೆದುಕೋ ಎಂದು ದೀಪುವಿಗೆ ಹೇಳಿದರು. ಅವನು ಗೊತ್ತಾಯ್ತು ಬಿಡಿ ಅಂದ. ಸಮಾಧಾನ ಮಾತ್ರ ಆಗಲಿಲ್ಲ.

ಮರುದಿನ ಅಂಗಡಿ ತೆರೆಯದೆ ಬಸ್ಸು ಹತ್ತಿ ಕೆ.ಆರ್. ಪುರದಾಚೆಯ ಶೂಟಿಂಗ್ ಗೋದಾಮಿಗೆ ಹೋದರು. ಒಳಗೆ ಕಾಲಿಟ್ಟಾಗ ದೀಪು ಆಗಲೇ ಮೇಲಿದ್ದ, ನಾಲ್ಕಾಳೆತ್ತರದಲ್ಲಿ. ಸೊಂಟದಿಂದ ಹಗ್ಗ ಹೊರಟಿರಲಿಲ್ಲ. ಕ್ಯಾಮೆರಾ ಕಂಡದ್ದನ್ನು ತೋರಿಸುವ ಟೀವಿಯ ಮುಂದೆ ಕೂತಿದ್ದ ರಶ್ಮಿಯ ಬಳಿಗೆ ಜಿಯಾವುಲ್ಲಾ ಓಡಿದರು. ಅವಳು ತಿರುಗಿ ನೋಡದೆಯೇ ಸುಮ್ಮನಿರಿ ಎಂದು ಕೈ ಎತ್ತಿದಳು. ಅಷ್ಟರಲ್ಲಿ ಹಗ್ಗ ಹಿಡಿದಿದ್ದವರು ಎಳೆದರು. ದೀಪು ಒಂದು ಸುತ್ತು ತಿರುಗಿದ, ಇನ್ನೊಂದು ಸುತ್ತಿಗೆ ಕೈಕಾಲು ಬಡಿಯುತ್ತ ಪಕ್ಕದ ಕಬ್ಬಿಣದ ಕಂಬಕ್ಕೆ ಹೋಗಿ ಅಪ್ಪಳಿಸಿದ. ಕಾಲು ಮುರಿದ ಅವನನ್ನು ಇಳಿಸಿ ಆಸ್ಪತ್ರೆಗೆ ಒಯ್ದರು.

ಆದದ್ದು ಆಸ್ಪತ್ರೆಯಲ್ಲಿ ತಿಳಿಯಿತು. ಬೆಳಿಗ್ಗೆ ಸೂಟಿಗೆ ಇಸ್ತ್ರಿ ಮಾಡಿದವರು ಆ ಸಡಿಲ ದಾರ ನೋಡಿ, ಮುದುಕನ ಕೆಲಸ ಕಳಪೆಯಾಗಿದೆ ಎಂದುಕೊಂಡು ಒಳಗಿನಿಂದ ಅಂಟು ಹಾಕಿ ಗಟ್ಟಿ ಮಾಡಿದ್ದರು. ದೀಪು ಎಳೆದ, ದಾರ ಬರಲಿಲ್ಲ. ಎಲ್ಲರೂ ಕಾಯುತ್ತಿದ್ದರು, ಹಾಗೆಯೇ ಹತ್ತಿದ. ತಾವು ಸ್ಟುಡಿಯೋದವರಿಗೆ ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಆ ಅಂಟು ಬೀಳುತ್ತಿರಲಿಲ್ಲ ಎಂಬುದು ಜಿಯಾವುಲ್ಲಾ ಅವರನ್ನು ಅಂದಿನಿಂದ ಒಳಗೇ ಕೊರೆಯಿತು.

ಐದು ತಿಂಗಳ ಮೇಲೆ, ಬಿಡುಗಡೆಗೆ ಮುಂಚೆ, ಸಿನಿಮಾವನ್ನು ಮತ್ತೆ ಐವತ್ತು ಜನರಿಗೆ ತೋರಿಸಿದರು. ಜಿಯಾವುಲ್ಲಾ ಹಿಂದಿನ ಸಾಲಿನಲ್ಲಿ ಕೂತರು. ಊರು ಸುಟ್ಟಿತು, ಫ್ಲೈಓವರ್ ಮುರಿಯಿತು, ಆಕಾಶ ಬಿರಿಯಿತು. ಜನ ಮೊಬೈಲು ನೋಡುತ್ತ ಕೂತಿದ್ದರು. ಒಂದೇ ಒಂದು ಕಡೆ ಹಾಲ್ ಸ್ತಬ್ಧವಾಯಿತು. ಹೀರೋ ಗಾಳಿಯಲ್ಲಿ ಗಿರಗಿರನೆ ತಿರುಗಿ ಕಂಬಕ್ಕೆ ಬಡಿದಾಗ ಮುಂದಿನ ಸಾಲಿನ ಹೆಂಗಸು ಕೈಯಿಂದ ಬಾಯಿ ಮುಚ್ಚಿಕೊಂಡಳು. ಅದನ್ನು ಕತ್ತರಿಸಿರಲಿಲ್ಲ. ದೀಪುವಿನ ಮುಖದ ಜಾಗದಲ್ಲಿ ಹೀರೋನ ಮುಖ ಕೂರಿಸಿ ಹಾಗೆಯೇ ಉಳಿಸಿಕೊಂಡಿದ್ದರು.

ಮುಗಿದ ಮೇಲೆ ರಶ್ಮಿ ಇವರನ್ನು ಪಕ್ಕಕ್ಕೆ ಕರೆದಳು. ಐವತ್ತು ಜನರೂ ಮೆಚ್ಚಿದ್ದು ಅದೊಂದನ್ನೇ, ಎರಡನೇ ಭಾಗದಲ್ಲಿ ಅಂಥವು ಮೂರು ಬೇಕು, ಸೂಟು ಹೀಗೇ ಇರಲಿ ಎಂದಳು.

"ಮೇಡಂ, ಅದು ಆ್ಯಕ್ಟಿಂಗ್ ಅಲ್ಲ."

"ನಮಗೆ ಗೊತ್ತು ಭಾಯ್. ಜನಕ್ಕೆ ಗೊತ್ತಿಲ್ವಲ್ಲ."

ಜಿಯಾವುಲ್ಲಾ ನೇರ ಹಲಸೂರಿಗೆ ಹೋದರು. ತಪ್ಪೊಪ್ಪಿಕೊಂಡು, ಈ ಕೆಲಸ ಇನ್ನು ಇಬ್ಬರಿಗೂ ಬೇಡ ಎಂದು ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದರು. ದೀಪು ಗೋಡೆಗೆ ಒರಗಿ ಮಂಚದ ಮೇಲೆ ಕೂತಿದ್ದ. ಇವರು ಬಾಯಿ ತೆರೆಯುವ ಮೊದಲೇ, ಜನ ಹೆದರಿದರೇ ಎಂದು ಕೇಳಿದ. ಹೆದರಿದರು ಅಂದರು. ಅವನ ಮುಖ ಅರಳಿತು. ಎರಡನೇ ಭಾಗದ ವಿಷಯ ಅವನ ಕಿವಿಗೂ ಬಿದ್ದಿತ್ತು. ಅಳತೆ ತಗೊಳ್ಳಿ ಎಂದು ಗೋಡೆ ಹಿಡಿದು ಎದ್ದು ನಿಂತ. ಬೇರೆ ದಾರಿ ಕಾಣದೆ ಜಿಯಾವುಲ್ಲಾ ಕೂತು ಟೇಪು ಹಿಡಿದರು. ಬಲಗಾಲು ಅಳೆದರು, ಎಡಗಾಲು ಅಳೆದರು, ಎಡಗಾಲನ್ನು ಇನ್ನೊಮ್ಮೆ ಅಳೆದರು.

"ದೀಪು ಬೇಟಾ, ಈ ಕಾಲು ಒಂದೂವರೆ ಇಂಚು ಗಿಡ್ಡ ಆಗಿದೆ."

"ಹೊಲಿಗೇಲಿ ಮುಚ್ಚಿಬಿಡಿ ಭಾಯ್," ಅಂದ ದೀಪು. "ಸ್ಟುಡಿಯೋದವ್ರಿಗೆ ಮಾತ್ರ ಹೇಳ್ಬೇಡಿ."

ಜಿಯಾವುಲ್ಲಾ ಅವನ ಕಾಲ ಬಳಿ ಕೂತೇ ಇದ್ದರು. ಬೇಡ ಎನ್ನಲು ಬಂದಿದ್ದವರು ಎರಡೂ ಕಾಲಿನ ಅಳತೆ ಬರೆದುಕೊಂಡರು.