ಹಗ್ಗದ ಆ ತುದಿಯಲ್ಲಿ ಮಹಬೂಬ

ನಾನು ಹೇಳುವ ಹತ್ತು ಮಾತಿನಲ್ಲಿ ಒಂಬತ್ತು ಸುಳ್ಳು ಎಂದು ನಮ್ಮೂರು ಮುಕ್ಕುಂದದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಉಳಿದ ಆ ಒಂದು ಇದು.

ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ಸಮುದ್ರದ ದ್ವೀಪಗಳ ಸುತ್ತ ಮುಳುಗುವವರನ್ನು ಈಗ ಟಿವಿಯಲ್ಲಿ ತೋರಿಸುತ್ತಾರೆ. ನನಗೆ ನಗು ಬರುತ್ತದೆ. ಎಂಬತ್ತರ ದಶಕದಲ್ಲಿ, ಲಿಂಗಸುಗೂರು ಕಡೆಯ ಕೃಷ್ಣೆಯ ನಡುಗಡ್ಡೆಗಳ ಸುತ್ತ ನಾನೂ ಮಸ್ಕಿಯ ಮಹಬೂಬನೂ ಬರೀ ಉಸಿರು ಕಟ್ಟಿ ಮುಳುಗುತ್ತಿದ್ದೆವು. ಹರಿಗೋಲು ಮಗುಚಿ ನೀರುಪಾಲಾದ ಡೀಸೆಲ್ ಇಂಜಿನ್, ತಾಮ್ರದ ಹಂಡೆ, ಒಮ್ಮೊಮ್ಮೆ ಹೆಣ... ಕರೆ ನಮಗೇ ಬರುತ್ತಿತ್ತು. ಆ ಬಂಡೆಗಳ ಸಂದಿಗೆ ಹೊಸಬರು ಇಳಿಯುವ ಮಾತೇ ಇರಲಿಲ್ಲ.

ಒಬ್ಬ ಮುಳುಗಿದರೆ ಇನ್ನೊಬ್ಬ ದಂಡೆಯಲ್ಲಿ ಹಗ್ಗ ಹಿಡಿಯಬೇಕು. ಕೆಳಗಿನವನು ಒಂದು ಸಲ ಜಗ್ಗಿದರೆ ‘ಚೆನ್ನಾಗಿದ್ದೀನಿ, ಎಳೆಯಬೇಡ’. ಎರಡು ಸಲ ಜಗ್ಗಿದರೆ ‘ಎಳೆ’. ನೀರೊಳಗೆ ಒಬ್ಬರಿಗೊಬ್ಬರು ಕಚಗುಳಿ ಇಡುವಷ್ಟು ಕಿಡಿಗೇಡಿಗಳು ನಾವು. ಹಗ್ಗದ ಜೊತೆ ಮಾತ್ರ ಆಟ ಆಡುತ್ತಿರಲಿಲ್ಲ.

ಆ ಸಲ ನಾನು ಜ್ವರ ಬಂದು ಮಲಗಿದ್ದೆ. ಮುಳುಗಿದ್ದ ಇಂಜಿನ್ ಒಂದನ್ನು ಎತ್ತಲು ಮಹಬೂಬ ಹಗ್ಗವಿಲ್ಲದೆ ಒಬ್ಬನೇ ಇಳಿದ. ಮೇಲೆ ಬರಲಿಲ್ಲ.

ನಾನು ನಡುಗಡ್ಡೆ ಮುಟ್ಟಿದ್ದು ಮೂರನೇ ದಿನ, ಹೊತ್ತು ಇಳಿಯುವಾಗ. ಅವನ ತಾಯಿ ಅಮೀನಾ ಚಾಚಿ ನೀರಂಚಿನ ಬಂಡೆಯ ಮೇಲೆ ಕೂತಿದ್ದಳು. ನನ್ನ ಹೆಸರು ಹಿಡಿದು ಕೂಗಿದಳು.

“ಮಣ್ಣು ಕೊಡಾಕರ ನನ್ನ ಮಗನ್ನ ತಂದುಕೊಡೊ ದ್ಯಾವಾ. ಅಲ್ಲೀತನಕ ನಾ ಇಲ್ಲಿಂದ ಏಳಂಗಿಲ್ಲ.”

“ತರ್ತೀನಿ ಬಿಡ್ರಿ ಚಾಚಿ. ನಾ ಬರಿಗೈಲೆ ಮ್ಯಾಲ ಬಂದದ್ದು ಯಾವಾಗರ ಕೇಳೀರೇನು?”

ಜಂಬ ಕೊಚ್ಚಿದೆ.

ಹರಿಗೋಲು ನಡೆಸುವ ಹನುಮಂತನ ಕೈಗೆ ಹಗ್ಗ ಕೊಟ್ಟೆ. ತುದಿಯನ್ನು ಸೊಂಟಕ್ಕೆ ಬಿಗಿದು, ಕಲ್ಲು ತಬ್ಬಿಕೊಂಡು ಇಳಿದೆ.

ಕೆಳಗೆ ಕಗ್ಗತ್ತಲೆ. ಅಲ್ಲಿ ಕೈಯೇ ಕಣ್ಣು. ಪಾಚಿ... ತಣ್ಣನೆ ಬಂಡೆ... ಎಲ್ಲೋ ಕಲ್ಲಿಗೆ ಕಲ್ಲು ತಾಗುವ ಸದ್ದು... ಟಕ್... ಟಕ್...

ಮಹಬೂಬ ಸಿಗಲಿಲ್ಲ. ಉಸಿರು ಮುಗಿಯುತ್ತ ಬಂತು. ಮೇಲೇಳಲು ಹೋದರೆ ಹಗ್ಗ ಬಂಡೆಯ ಸಂದಿಯಲ್ಲಿ ಸಿಕ್ಕಿಬಿದ್ದಿದೆ! ಎದೆ ಒಡೆಯುವ ಹಾಗಾಯಿತು.

ಆಗ ನನ್ನ ಬೆನ್ನ ಹಿಂದೆ ಬೆರಳುಗಳು ಆಡಿದವು.

ಅವಸರವಿಲ್ಲದೆ, ಮೆಲ್ಲಗೆ ಸೊಂಟದ ಗಂಟು ಬಿಚ್ಚಿದವು. ಕಚಗುಳಿಯಾಯಿತು. ಮಹಬೂಬನದೇ ಮಂಗಾಟ ಎಂದು ಒಂದು ಕ್ಷಣ ನಗು ಕೂಡ ಬಂತು...

ನೀರಿನಿಂದ ತಲೆ ಎತ್ತಿದಾಗ ಮೇಲೆಯೂ ಕತ್ತಲಾಗಿತ್ತು. ದಂಡೆಯಲ್ಲಿ ಹನುಮಂತ ನನ್ನನ್ನೊಮ್ಮೆ, ಕೈಯಲ್ಲಿದ್ದ ಹಗ್ಗವನ್ನೊಮ್ಮೆ ನೋಡಿದ.

“ಲೇ... ನೀ ಇಲ್ಲಿ ಅದೀ. ಮತ್ತ ಇದನ್ನ ಯಾರ್ ಜಗ್ಗಾಕತ್ತಾರ?”

“ನೀರಿನ ಸೆಳವು ಇರಬೇಕೋ.”

“ಸೆಳವು ಹಿಂಗ ಜಗ್ಗತೈತೇನಲೇ? ಹಿಡಿ ನೋಡು.”

ಹಿಡಿದೆ. ಒಂದು ಸಲ ಜಗ್ಗಿತು. ತುಸು ಬಿಟ್ಟು, ಮತ್ತೆ ಒಂದೇ ಸಲ.

ಚಾಚಿ ಕೂತಲ್ಲಿಂದಲೇ ಹಗ್ಗ ಇಸಿದುಕೊಂಡಳು.

“ಎಳಿಯೂನೇನ್ರಿ?” ಹನುಮಂತ ಕೇಳಿದ.

“ಬ್ಯಾಡ. ಒಂದು ಸಲ ಅಂದ್ರ ಚಂದಾಗಿ ಅದೀನಿ, ಎಳೀಬ್ಯಾಡ ಅಂತ. ನನಗ ಹೇಳ್ಯಾನ ಅವ.”

ಹಗ್ಗವನ್ನು ಎದೆಗೊತ್ತಿಕೊಂಡು ಕೂತಳು. ಪ್ರತಿ ಸಲ ಜಗ್ಗಿದಾಗಲೂ “ಹೂಂ ಬೇಟಾ... ಹೂಂ...” ಎನ್ನುತ್ತಿದ್ದಳು. ಕಪ್ಪೆಗಳ ಸದ್ದೂ ನಿಂತಿತ್ತು. ಕೊಳೆತ ಪಾಚಿಯ ವಾಸನೆ. ಆ ಕೈಯಿಂದ ಹಗ್ಗ ಕಿತ್ತುಕೊಳ್ಳುವ ಧೈರ್ಯ ನಮಗೆ ಬರಲಿಲ್ಲ.

ಎಷ್ಟು ಹೊತ್ತಾಯಿತೋ... ಎರಡು ಸಲ ಜಗ್ಗಿತು.

ಮೂವರೂ ಎಳೆದೆವು. ಭಾರವಾಗಿ ಬಂತು. ಬಂದವನು ಮಹಬೂಬ. ಮೈ ಮೂರು ದಿನದ ಹೆಣದ್ದೇ. ಸೊಂಟಕ್ಕೆ ಹಗ್ಗ ಸುತ್ತಿ, ನಾವು ನೀರಿಗೆ ಇಳಿಯುವಾಗ ಹಾಕುವ ಗಂಟನ್ನೇ ಹಾಕಿತ್ತು.

“ನೀನ ಕಟ್ಟಿಬಂದು ನಮಗ ಕತಿ ಹೇಳ್ತೀಯೇನಲೇ?” ಎಂದರು ಪೊಲೀಸರು. ನನ್ನಂಥವನನ್ನು ಯಾರು ನಂಬುತ್ತಾರೆ?

ಮಸ್ಕಿಯಲ್ಲಿ ಮಣ್ಣು ಕೊಟ್ಟು ಬಂದ ಮೇಲೆ ಚಾಚಿ ನನ್ನ ಕೈ ಹಿಡಿದಳು.

“ಚಂದಾಗಿ ಅದೀನಿ ಅಂದ್ನಲ್ಲೋ ದ್ಯಾವಾ... ನಾ ಆಗಲೇ ಎಳದಿದ್ರ ಜೀವಂತ ಸಿಗ್ತಿದ್ನೇನು?”

ಇಲ್ಲ ಚಾಚಿ, ಅವನು ಸತ್ತು ಮೂರು ದಿನವಾಗಿತ್ತು ಎನ್ನಲು ಬಾಯಿ ತೆರೆದೆ. ಹೇಳಲಾಗಲಿಲ್ಲ. ನನ್ನ ಗಂಟು ಬಿಚ್ಚಿದ ಆ ಬೆರಳುಗಳು ಬೆಚ್ಚಗಿದ್ದವು.